ವಾಪಸ್ ಸುರಿದ ಉಡಿಯಕ್ಕಿ

'ವಾಪಸ್' ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ವರ್ಷ ವಾಡಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಇಬ್ಬರು ಹೆಂಗಸರನ್ನು ವಾಪಸ್ ಕಳಿಸುವ ಮಾತುಕತೆ ನಡೆದಿತ್ತು. ಒಬ್ಬಳು ನಾನು. ಸೇಡಂನಲ್ಲಿ ಮೈದುನನ ಎದುರಿಗೇ ಗಂಡ ಕಪಾಳಕ್ಕೆ ಹೊಡೆದನೆಂದು ಪ್ಯಾಸೆಂಜರ್ ಗಾಡಿ ಹತ್ತಿ ತವರಿಗೆ ಬಂದು ಕುಳಿತಿದ್ದೆ. ಇನ್ನೊಬ್ಬಳು ಗಡಿ ದಾಟಿ ಬಂದ ಬಂಗಾಲದ ಹೆಣ್ಣುಮಗಳು. ನನ್ನ ವಿಷಯವನ್ನು ಸೇಡಂನ ಹಿರಿಯರೂ ನಮ್ಮಪ್ಪನೂ ಮಾತಾಡುತ್ತಿದ್ದರು, ಅವಳ ವಿಷಯವನ್ನು ಎರಡು ದೇಶಗಳು. ನಮ್ಮಿಬ್ಬರನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ಅವಳು ಬಂದದ್ದು ಬಾಂಗ್ಲಾ ಯುದ್ಧ ಶುರುವಾಗುವ ಮೊದಲೇ. ಮನೆಗೆ ಬೆಂಕಿ ಬಿದ್ದು, ಗಂಡನ ಜೊತೆ ಗಡಿ ದಾಟಿ, ನಿರಾಶ್ರಿತರ ಕ್ಯಾಂಪಿನಲ್ಲಿದ್ದು, ಅಲ್ಲಿಂದ ಕೂಲಿ ಹುಡುಕಿಕೊಂಡು ಊರೂರು ಸುತ್ತಿ ಮುಂಬೈ ಗಾಡಿ ಹತ್ತಿದ್ದರಂತೆ. ಯಾವುದೋ ಸ್ಟೇಷನ್ನಿನಲ್ಲಿ ಗಂಡ ನೀರು ತರಲೆಂದು ಇಳಿದ, ಗಾಡಿ ಬಿಟ್ಟಿತು. ಅದು ಯಾವ ಸ್ಟೇಷನ್ನೋ, ಅವಳಿಗೆ ಓದಲು ಬರದು. ಮುಂದೆ ವಾಡಿ ಜಂಕ್ಷನ್ನಿನಲ್ಲಿ ಇಳಿದವಳು ಪ್ಲಾಟ್‌ಫಾರ್ಮಿನ ನಲ್ಲಿಯ ಹತ್ತಿರ ಕುಳಿತುಬಿಟ್ಟಳು. ನೀರಿಗೆ ಹೋದವನು ನೀರಿದ್ದಲ್ಲಿಯೇ ಸಿಗುತ್ತಾನೆಂದು ಅವಳ ನಂಬಿಕೆ. ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ಮನೆಗೆ ಬಂದು ಸುಮ್ಮನೆ ಸುದ್ದಿ ಹೇಳಿದ. ಅವ್ವ ರೊಟ್ಟಿ ಕಟ್ಟಿಕೊಂಡು ಹೋದವಳು ಅವಳನ್ನೇ ಕರೆದುಕೊಂಡು ಬಂದಳು.

ನಮ್ಮ ಹಿತ್ತಲಿನ ತಗಡಿನ ಚಪ್ಪರದಲ್ಲಿ ಅವಳ ವಾಸ. ಹಗಲು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕೆಲಸಕ್ಕೆ ಕೂಲಿ, ಮುಂಬೈ ಕಡೆ ಹೋಗುವ ಗಾಡಿ ಬರುವ ಹೊತ್ತಿಗೆ ನಲ್ಲಿಯ ಹತ್ತಿರ ಹಾಜರು. ಕೈಯಲ್ಲಿ ಬಿಳಿ ಶಂಖದ ಬಳೆ. ಅದು ಅವರ ಕಡೆ ಮುತ್ತೈದೆಯ ಗುರುತಂತೆ, ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಅವಳು ಮೊದಲು ಕಲಿತ ಕನ್ನಡ 'ಒಲ್ಲೆ'. ಆದರೆ ನಮ್ಮಲ್ಲಿ ಉಣ್ಣಲು ಕುಳಿತವರು ಒಲ್ಲೆ ಒಲ್ಲೆ ಅನ್ನುವುದೇ ಇನ್ನಷ್ಟು ನೀಡಲಿ ಎಂದು. ಅವ್ವ ಅವಳ ಒಲ್ಲೆಯನ್ನೂ ಹಾಗೆಯೇ ತಿಳಿದು ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತಿದ್ದಳು. ಪಾಪ, ಅವಳು ಕಣ್ಣಲ್ಲಿ ನೀರು ತಂದುಕೊಂಡು ತಿಂದು ಮುಗಿಸುತ್ತಿದ್ದಳು.

"ಯವ್ವಾ, ಆಕಿ ಖರೇನೇ ಒಲ್ಲೆ ಅನ್ನಲಿಕತ್ತಾಳ," ಎಂದು ನಾನು ಹೇಳಿದೆ.

"ನೀ ಸುಮ್ಮ ಕುಂದ್ರು. ನಾಚಿಕಿಗೆ ಹಂಗಂತಾಳ," ಎಂದು ಅವ್ವ ಇನ್ನೊಂದು ರೊಟ್ಟಿ ಹಾಕಿದಳು.

ಯುದ್ಧ ಮುಗಿಯಿತು. ರೇಡಿಯೋ ಕೇಳಿ ಅಪ್ಪ ಹೇಳಿದ: "ಎರಡೂ ಸರಕಾರ ಕೂತು ಮಾತಾಡ್ಯಾವಂತ. ಬಂದವರೆಲ್ಲ ವಾಪಸ್ ಹೋಗಬೇಕಂತ." ಸ್ವಲ್ಪ ದಿನಕ್ಕೆ ಒಬ್ಬ ಹವಾಲ್ದಾರ ಮನೆಗೆ ಬಂದ. ಕೆಟ್ಟವನೇನಲ್ಲ, ನಮ್ಮ ಕಡೆಯವನೇ. ಮರುದಿನದ ಗಾಡಿಗೆ ಅವಳನ್ನು ಕರೆದೊಯ್ಯಬೇಕೆಂದು ಹುಕುಂ ಆಗಿದೆ ಎಂದ.

"ಆಕಿ ದೇಶ ಈಗ ಸ್ವತಂತ್ರ ಆಗ್ಯಾದ್ರಿ. ತನ್ನ ಊರಿಗೆ ತಾ ಹೋಗ್ತಾಳ. ಖುಷಿ ಪಡ್ರಿ."

"ಅಲ್ಲಿ ಆಕಿನ್ನ ಯಾರು ಕರಕೋತಾರ್ರಿ?" ಅವ್ವ ಕೇಳಿದಳು.

"ಸರಕಾರ ಅದಲ್ಲಾ."

"ಸರಕಾರಕ್ಕ ಒಲಿ ಎಲ್ಲದ? ಹಸಿದು ಹೋದ್ರ ಯಾರು ಅನ್ನ ಹಾಕ್ತಾರ?"

ಹವಾಲ್ದಾರ ಚಹಾ ಮುಗಿಸಿ ಏಳಹೊರಟ. ಅವಳು ಬಾಗಿಲಿನಲ್ಲಿ ನಿಂತು ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು: "ಆತ ಈ ದಾರಿಲೇ ಬರ್ತಾನ. ನಾ ಹೋದ್ರ, ಆತ ಯಾರನ್ನ ಕೇಳ್ತಾನ?"

ಅದೊಂದೇ ಅವಳ ಮಾತು. ವಾಡಿ ಬಿಟ್ಟರೆ ಗಂಡ ಇನ್ನು ಸಿಗುವುದಿಲ್ಲ. ಎರಡು ದೇಶದ ದೊಡ್ಡ ಮಂದಿ ಏನೇನು ಮಾತಾಡಿದರೋ ಏನೋ, ಆ ನಲ್ಲಿಯ ವಿಷಯವನ್ನಂತೂ ಮಾತಾಡಿರಲಿಕ್ಕಿಲ್ಲ.

ಹವಾಲ್ದಾರ ಹೋದ ಮೇಲೆ ಅಪ್ಪ ಅಂದ, "ಊರ ಉಸಾಬರಿ ನಮಗ್ಯಾಕ? ನಂದು ಸರಕಾರಿ ನೌಕರಿ ಅದ." ಅವ್ವ ಅಕ್ಕಿಯ ಡಬ್ಬಿ ಕೆಳಗಿಳಿಸಿದಳು. "ಆಯ್ತು. ಆದ್ರ ಖಾಲಿ ಉಡಿಲೆ ಕಳಸಂಗಿಲ್ಲ," ಎಂದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ನಾನು ಅವ್ವನ ಕೂಡ ಮಾತು ಬಿಟ್ಟೆ.

ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಸೇರಿದರು. ಅವಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಅವ್ವ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿದಳು. ತವರಿನಿಂದ ಹೊರಡುವ ಮಗಳಿಗೆ ನಾವು ಉಡಿ ತುಂಬುವುದು ಹೀಗೆ. ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತಿರುಗಿ ತಾಯಿ ಹಿಡಿದ ಮರಕ್ಕೆ, ಅಂದರೆ ಮೊರಕ್ಕೆ, ಹಾಕಬೇಕು, ತವರು ತಣ್ಣಗಿರಲಿ ಎಂದು. ಅವ್ವ ಮರ ಮುಂದೆ ಹಿಡಿದು, ಒಂದು ಹಿಡಿ ಹಾಕು ಎಂದು ಕೈ ಸನ್ನೆ ಮಾಡಿದಳು.

ಅವಳು ಒಂದು ಹಿಡಿ ಹಾಕಿದಳು. ಅವ್ವನ ಮುಖ ನೋಡಿದಳು. ಆಮೇಲೆ ಸೆರಗನ್ನೇ ಎತ್ತಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲ್ಲವನ್ನೂ ಮರಕ್ಕೆ ಸುರಿದು, ಖಾಲಿ ಸೆರಗು ಝಾಡಿಸಿದಳು.

"ಒಲ್ಲೆ," ಅಂದಳು.

"ಅಯ್ಯಯ್ಯೋ, ಇದೇನ ಮಾಡ್ದಿ ಯವ್ವಾ!" ಎಂದು ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. ಉಡಿಯನ್ನು ಪೂರ್ತಿ ವಾಪಸ್ ಸುರಿದವರನ್ನು ಯಾರೂ ಕಂಡಿರಲಿಲ್ಲ. ಅಂಗಳದಲ್ಲಿ ಕಾಯುತ್ತಿದ್ದ ಹವಾಲ್ದಾರ, "ತಿಳೀಲಾರದೆ ಮಾಡ್ಯಾಳ್ರಿ, ಇನ್ನೊಮ್ಮೆ ತುಂಬ್ರಿ. ಗಾಡಿ ಹೊತ್ತಾಯ್ತು," ಎಂದ.

ಅವ್ವ ಮರದಲ್ಲಿದ್ದ ಅಕ್ಕಿಯನ್ನೇ ನೋಡುತ್ತಿದ್ದಳು. "ತಿಳದೇ ಮಾಡ್ಯಾಳ್ರಿ," ಎಂದಳು. "ಖರೇನೇ ಒಲ್ಲೆ ಅಂದಾಳ. ನನಗೇ ಇಷ್ಟು ದಿನ ತಿಳಿದಿದ್ದಿಲ್ಲ. ಈಗ ಕೇಳ್ರಿ ಸಾಹೇಬ್ರ. ಉಡಿ ತುಂಬಿದ ಕೈ ನಂದು, ಅಂದ್ರ ಇದು ಆಕಿ ತವರು. ಒಲ್ಲೆ ಅಂದ ಮಗಳನ್ನ ಜುಲುಮಿಲೆ ದಬ್ಬಂಗಿಲ್ಲ ನಾ."

ಹವಾಲ್ದಾರ ಅತ್ತಿತ್ತ ನೋಡಿ ದನಿ ಇಳಿಸಿದ. "ಹಂಗಾರ ಆಕಿ ಸಿಗಲಿಲ್ಲ ಅಂತ ಹೇಳ್ತೀನ್ರಿ."

"ಯಾಕ್ರಿ ಸುಳ್ಳ? ಸಿಕ್ಕಾಳ, ಇಲ್ಲೇ ಅದಾಳ, ಕಳಸಂಗಿಲ್ಲ ಅಂದ್ರು ಅಂತ ಹೇಳ್ರಿ. ನಿಮ್ಮ ದೊಡ್ಡ ಸಾಹೇಬ್ರಿಗೆ ಬೇಕಿದ್ರ ಬರ್ಲಿ, ಚಾ ಮಾಡ್ತೀನಿ."

ಅಪ್ಪ ಗೋಡೆ ಹಿಡಿದು ನಿಂತಿದ್ದ. ನನಗೋ, ಕುಣಿಯಬೇಕೆನ್ನಿಸಿತು. ದೊಡ್ಡ ಸಾಹೇಬರು ಬರಲಿಲ್ಲ, ಅಪ್ಪನ ನೌಕರಿಯೂ ಹೋಗಲಿಲ್ಲ. ಅವಳು ಅಂದು ಸಂಜೆ ಎಂದಿನಂತೆ ನಲ್ಲಿಯ ಹತ್ತಿರ ಹೋದಳು. ಗಂಡ ಬಂದನೇ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಬರಲಿಲ್ಲ. ಹಾಗಂತ ಅವಳಿಗೆ ಕಾಯುವ ಹಕ್ಕೂ ಇರಲಿಲ್ಲವೇನು? ಅವಳು ವಾಡಿಯಲ್ಲಿಯೇ ಉಳಿದಳು, ವಾಡಿಯಲ್ಲಿಯೇ ಮುದುಕಿಯಾದಳು.

ಇನ್ನು ನನ್ನ ಸರದಿ. ಅದೇ ತಿಂಗಳು ಸೇಡಂನ ಹಿರಿಯರು ಬಂದು ಕುಳಿತರು. ಗಂಡನೂ ಬಂದಿದ್ದ, ತಪ್ಪಾಯಿತೆಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಅಪ್ಪ "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಎಂದು ಶುರು ಮಾಡಿದ. ಮಾತುಕತೆ ಮುಗಿಯಿತು, ನಾನು ಹೋಗುವುದೆಂದು ಠರಾವಾಯಿತು. ಅವ್ವ ಅದೇ ಮರದಲ್ಲಿ ಅಕ್ಕಿ ಹಿಡಿದು ಬಂದಳು.

ನಾನು ಸೆರಗು ಒಡ್ಡಲಿಲ್ಲ. "ಆಕಿಗೊಂದು ನ್ಯಾಯ, ಹೊಟ್ಟಿಲೆ ಹುಟ್ಟಿದಾಕಿಗೊಂದು ನ್ಯಾಯ ಏನವ್ವಾ?"

"ಇದು ಬ್ಯಾರೆ. ಗಂಡನ ಮನಿ ವಿಷಯ. ಹಟ ಮಾಡಬ್ಯಾಡ," ಎಂದಳು ಅವ್ವ. ಆದರೆ ನನ್ನ ಮುಖ ನೋಡಲಿಲ್ಲ.

ಬೀಗರಿಗೆ ನೀರಿನ ತಂಬಿಗೆ ತಂದ ಬಂಗಾಲದವಳು ಬಾಗಿಲಿನಲ್ಲಿಯೇ ನಿಂತಳು.

"ಯವ್ವಾ," ಎಂದಳು, "ಆಕಿ ಖರೇನೇ ಒಲ್ಲೆ ಅನ್ನಲಿಕತ್ತಾಳ."

ಅವ್ವ ನಿಂತಳು. ನನ್ನನ್ನು ನೋಡಿದಳು, ಅವಳನ್ನು ನೋಡಿದಳು, ಮರವನ್ನು ಸೊಂಟಕ್ಕೆ ಇರುಕಿಕೊಂಡು ಒಳಗೆ ನಡೆದಳು. ಉಡಿಗೆಂದು ತಂದ ಅಕ್ಕಿಯನ್ನು ತೊಳೆದು ಒಲೆಯ ಮೇಲೆ ಇಟ್ಟಳು. ಆ ಅನ್ನವನ್ನು ಸೇಡಂನವರಿಗೇ ಬಡಿಸಿದಳು. ಅವರು ಸಿಟ್ಟಿನಿಂದ ಒಲ್ಲೆವು, ಒಲ್ಲೆವು ಎಂದರೂ ಬಿಡದೆ ಮತ್ತೆ ಮತ್ತೆ ನೀಡಿದಳು.