ಮೆಟ್ಟಿಲ ಮೇಲೆ ಕೂತ ಮಗ್ಗದಮ್ಮ

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಅಡ್ಡಕ್ಕೆ ಒಂದು ಗೆರೆ ಇತ್ತು. ವಯಸ್ಸಿನ ಸುಕ್ಕಲ್ಲ, ನೂಲು ಹರಿದು ಹರಿದು ಕೊರೆದ ಗೆರೆ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಪುಟ್ಟ ಕ್ಲಿಪ್ಪನ್ನು ಆ ಬೆರಳಿಗೆ ಸಿಕ್ಕಿಸಿದಾಗ ಅದು ಅಂಕಿ ತೋರಿಸದೆ ಸುಮ್ಮನೆ ಮಿನುಗುತ್ತಿತ್ತು.

"ಪಕ್ಕದ ಬೆರಳಿಗೆ ಹಾಕಿ ಮೇಡಂ. ಇದನ್ನ ಮಗ್ಗಕ್ಕೆ ಬರ್ದುಕೊಟ್ಬಿಟ್ಟಿದೀನಿ" ಎಂದರು. ನಾನು ಅವರ ಬಾಯಿಂದ ಕೇಳಿದ ಮೊದಲ ಮಾತು ಅದು.

ನಾನು ಫಿಸಿಯೋಥೆರಪಿ ಓದಿ ಗುತ್ತಿಗೆ ಮೇಲೆ ಒಂದು ಸರ್ಕಾರಿ ಆಸ್ಪತ್ರೆಗೆ ಸೇರಿದ್ದೆ. ದೊಡ್ಡಬಳ್ಳಾಪುರದ ಕಡೆಯದು ಎಂದಷ್ಟೇ ಹೇಳುತ್ತೇನೆ. ಉಬ್ಬಸ, ದಮ್ಮು, ವರ್ಷಗಟ್ಟಲೆ ಬಿಡದ ಕೆಮ್ಮು ಇರುವವರಿಗಾಗಿ ಸರ್ಕಾರ ವಾರಕ್ಕೊಂದು ದಿನದ ಶ್ವಾಸಕೋಶ ಚಿಕಿತ್ಸಾಲಯವನ್ನು ಆಗಷ್ಟೇ ತೆರೆದಿತ್ತು. ಊದಿಸಿ ಪರೀಕ್ಷೆ ಮಾಡುವ ಹೊಸ ಯಂತ್ರ ಬಂದಿತ್ತು. ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಉಚಿತವಾಗಿ ಸಿಗುತ್ತಿತ್ತು. ಉಸಿರಾಟದ ವ್ಯಾಯಾಮ ಕಲಿಸಲು ನನ್ನನ್ನು ನೇಮಿಸಿದ್ದರು. ಕೊಟ್ಟದ್ದು ಕಡಿಮೆಯೇನಲ್ಲ. ಆದರೆ ಕೋಣೆಯನ್ನು ಮಾತ್ರ ಮೊದಲ ಮಹಡಿಯಲ್ಲಿ ಕೊಟ್ಟಿದ್ದರು. ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮಗ್ಗದಮ್ಮ ಎನ್ನುತ್ತಿದ್ದರು. ನೇಕಾರರ ಬೀದಿಯವರು. ಮನೆಯ ನಡುಮನೆಯಲ್ಲೇ ವಿದ್ಯುತ್ ಮಗ್ಗಗಳು. ಮಗ ಮಗ್ಗ ನೋಡಿಕೊಂಡರೆ ಅವರು ಗೋಡೆ ಪಕ್ಕ ಕೂತು ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಕಂಡಿಕೆ, ಸುತ್ತುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅದೇ ಜಾಗ, ಅದೇ ಗೋಡೆ. ನೂಲಿನ ಧೂಳು ಗಾಳಿಯಲ್ಲಿ ಹೇಗೆ ತೇಲುತ್ತದೆಂದು ಬಿಸಿಲುಕೋಲಿನಲ್ಲಿ ನಾನೇ ಆಮೇಲೆ ನೋಡಿದೆ. ಬೆಳಗಿನ ಜಾವ ಎದ್ದು ಬಚ್ಚಲ ಹಂಡೆಗೆ ಸೌದೆ ಒಟ್ಟುವುದೂ ಅವರ ಪಾಲಿನದೇ ಆಗಿತ್ತು.

ಮೊದಲ ದಿನ ವೈದ್ಯರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಬೀಡಿ, ಸಿಗರೇಟು ಏನಾದ್ರೂ ಅಭ್ಯಾಸ ಇತ್ತಾ?"

"ನಮ್ಮೆಜಮಾನ್ರಿಗಿತ್ತು. ಅವ್ರು ಸೇದಿದ್ರು, ನಾನು ಹೊಗೆ ಕುಡ್ದೆ. ಮನೆ ಅಂದ್ಮೇಲೆ ಇಬ್ರೂ ಹಂಚ್ಕೋಬೇಕಲ್ವಾ ಸ್ವಾಮಿ" ಎಂದರು. ವೈದ್ಯರು ನಕ್ಕರು. ಮಗ್ಗದಮ್ಮ ನಗಲಿಲ್ಲ.

ಮಗ್ಗದ ಮನೆಯವರ ದನಿ ದೊಡ್ಡದು, ಆ ಸದ್ದಿನಲ್ಲಿ ಸಣ್ಣಗೆ ಆಡಿದರೆ ಕೇಳುವವರಿಲ್ಲ. ಉಸಿರು ಕಮ್ಮಿಯಾದರೂ ಅವರ ದನಿ ಕಮ್ಮಿಯಾಗಿರಲಿಲ್ಲ. ಮಾತುಗಳು ಮಾತ್ರ ತುಂಡಾಗಿದ್ದವು. ಎರಡು ಮೂರು ಪದ, ನಿಲ್ಲಿಸಿ ಉಸಿರು, ಮತ್ತೆ ಎರಡು ಪದ. ಹೀಗೆ ಎಣಿಸಿ ಖರ್ಚು ಮಾಡುತ್ತಿದ್ದುದರಿಂದಲೋ ಏನೋ, ಅವರು ದಂಡದ ಮಾತಾಡಿದ್ದು ನನಗೆ ನೆನಪಿಲ್ಲ. ತೀರಾ ಕೋಪ ಬಂದಾಗ ತೆಲುಗಿಗೆ ಹೊರಳುತ್ತಿದ್ದರು. ಅದು ಅವರ ತವರಿನ ಭಾಷೆ.

ಪರೀಕ್ಷೆಯ ಯಂತ್ರ ನನಗೆ ಕಷ್ಟವಾಗಿತ್ತು. ತಾಂತ್ರಿಕವಾಗಿ ಅಲ್ಲ. ರೋಗಿ ಎದೆ ತುಂಬ ಉಸಿರು ಎಳೆದು, ಒಂದೇ ಸಲಕ್ಕೆ ಪೂರಾ ಊದಿ ಖಾಲಿ ಮಾಡಬೇಕು. ಪಕ್ಕದಲ್ಲಿ ನಿಂತವರು "ಊದಿ, ಊದಿ, ಇನ್ನೂ" ಎಂದು ಹುರಿದುಂಬಿಸದಿದ್ದರೆ ಎಲ್ಲರೂ ಅರ್ಧಕ್ಕೆ ಬಿಡುತ್ತಾರೆ. ನಾನು ಗಟ್ಟಿಯಾಗಿ ಮಾತಾಡಿ ಬೆಳೆದವಳಲ್ಲ. ಎರಡನೇ ವಾರ ಅವರು ಯಂತ್ರದ ಕೊಳವೆಯನ್ನು ಬಾಯಿಂದ ತೆಗೆದು ನನ್ನನ್ನೇ ನೋಡಿದರು.

"ನೀವು ಹಿಂಗೆ ಪಿಸಪಿಸ ಅಂದ್ರೆ ಯಾರು ಊದ್ತಾರೆ ಮೇಡಂ? ಮಗ್ಗ ಓಡ್ತಾ ಐತೆ ಅನ್ಕಳಿ. ಆ ಕಡೆ ಗೋಡೆಗೆ ಕೇಳ್ಬೇಕು."

ನಾನು ಸ್ವಲ್ಪ ದನಿ ಏರಿಸಿದೆ.

"ಇದು ಗುಬ್ಬಿಗೆ ಕೇಳ್ತು. ಗೋಡೆಗೆ ಕೇಳ್ಲಿಲ್ಲ."

ಆಮೇಲೆ ಅವರು ತಮ್ಮ ಸರದಿ ಮುಗಿದ ಮೇಲೂ ಬಾಗಿಲ ಬಳಿ ಕೂತು ಬೇರೆಯವರಿಗೆ ಹೇಳಿಕೊಡತೊಡಗಿದರು. ಯಂತ್ರಕ್ಕೆ ಊದುವುದಾದರೆ "ಊದುಗೊಳವೇಲಿ ಹಸಿ ಸೌದೆ ಊದ್ದಂಗೆ" ಎನ್ನುವರು. ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡುವ ವ್ಯಾಯಾಮಕ್ಕೆ "ಮಗೀನ ಕಣ್ಣಲ್ಲಿ ಕಸ ಬಿದ್ರೆ ಊದ್ತೀರಲ್ಲ, ಅಂಗೆ" ಎನ್ನುವರು. ನನ್ನ ಪಠ್ಯಪುಸ್ತಕದ ಎರಡು ಪುಟದ ವಿವರಣೆಯನ್ನು ನಾನು ಅಲ್ಲಿಗೆ ಬಿಟ್ಟೆ.

ಔಷಧಿಯ ಕತೆ ಬೇರೆ. ಎಳೆದುಕೊಳ್ಳುವ ಪುಡಿ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಸಾಧನದೊಳಗೆ ಇಟ್ಟು, ಒಡೆದು, ಪುಡಿಯನ್ನು ಉಸಿರಿನ ಜೊತೆ ಎಳೆಯಬೇಕು. ಹಿಂದೆ ಎಲ್ಲೋ ಅದನ್ನು ಕೊಟ್ಟಾಗ ಮಗ್ಗದಮ್ಮ ಕೆಲವು ತಿಂಗಳು ಕಾಫಿಯ ಜೊತೆ ನುಂಗಿದ್ದರು. ಮಾತ್ರೆಯಂತೆ ಕಾಣುವುದನ್ನು ಇನ್ನೇನು ಮಾಡುತ್ತಾರೆ? ಗುಣ ಕಾಣದೆ ಬಿಟ್ಟೂ ಬಿಟ್ಟಿದ್ದರು. ಸರಿಯಾಗಿ ಎಳೆದ ಮೊದಲ ವಾರವೇ ಅವರಿಗೆ ಬೆಳಗಿನ ಹೊತ್ತು ಕೂತಲ್ಲಿಂದ ಏಳುವುದು ಹಗುರವಾಯಿತು. ಅಲ್ಲಿಂದಾಚೆ ಸಾಲಿನಲ್ಲಿ ಯಾರು ಸಿಕ್ಕರೂ ನಮಸ್ಕಾರದ ಬದಲು ಅವರ ಪ್ರಶ್ನೆ ಒಂದೇ: "ನುಂಗ್ತೀಯೋ, ಎಳೀತೀಯೋ?" ಎಷ್ಟೋ ಜನ ನುಂಗುತ್ತಿದ್ದರು.

ಸೇರಿ ಕೆಲವು ತಿಂಗಳಾದ ಮೇಲೆ, ನಮ್ಮ ಚಿಕಿತ್ಸಾಲಯಕ್ಕೆ ರೋಗಿಗಳೇ ಬರುತ್ತಿಲ್ಲ, ಹೀಗೇ ಆದರೆ ಬೇರೆ ತಾಲ್ಲೂಕಿನದಕ್ಕೆ ಸೇರಿಸುತ್ತಾರೆ ಎಂಬ ಸುದ್ದಿ ಬಂತು. ಪರಿಶೀಲನೆಗೆ ಮೇಲಧಿಕಾರಿ ಬರುವವರಿದ್ದರು. ರೋಗಿಗಳು ಬರುತ್ತಿರಲಿಲ್ಲ ಎನ್ನುವುದು ಸುಳ್ಳು. ಬರುತ್ತಿದ್ದರು. ಮೆಟ್ಟಿಲಿನ ಬುಡದಲ್ಲಿ ನಿಂತು, ತಲೆಯೆತ್ತಿ ನೋಡಿ, ಹಿಂದಿರುಗುತ್ತಿದ್ದರು. ಕೆಳಗೆ ಒಂದು ಒಳ್ಳೆಯ ಕೋಣೆ ಇತ್ತು. ಅದರಲ್ಲಿ ಮುರಿದ ಮಂಚ, ಹಳೆಯ ಬ್ಯಾನರಿನ ಕಟ್ಟು, ಕೆಟ್ಟ ತಕ್ಕಡಿಗಳನ್ನು ತುಂಬಿ ಬೀಗ ಹಾಕಿದ್ದರು. ನಾನು ಕೇಳಿದಾಗಲೆಲ್ಲ ಆಡಳಿತ ವೈದ್ಯಾಧಿಕಾರಿಗಳು "ನೋಡೋಣ" ಎನ್ನುತ್ತಿದ್ದರು. ನಾನೂ ಸರಿ ಸರ್ ಎಂದು ಬರುತ್ತಿದ್ದೆ.

ವಿಷಯ ತಿಳಿದಾಗ ಮಗ್ಗದಮ್ಮ ಬೆರಳು ಮಡಿಸಿ ಬಸ್ಸು ಎಣಿಸಿದರು. ಆಮೇಲೆ ಅಂದರು: "ಬೇರೆ ತಾಲ್ಲೂಕು ಅಂದ್ರೆ ಎರಡು ಬಸ್ಸು. ಬಸ್ಟ್ಯಾಂಡಿಗೆ ನಡೆಯೋದೇ ನಂಗೆ ಆಗಲ್ಲ. ಇದು ಹೋದ್ರೆ ನಾನು ಹೋದಂಗೆ ಕಣವ್ವಾ." ಮೇಡಂ ಎನ್ನುವುದನ್ನು ಬಿಟ್ಟು ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಆ ವಾರವೆಲ್ಲ ಅವರು ತಮ್ಮ ಬೀದಿಯಲ್ಲಿ ಓಡಾಡಿದರಂತೆ. ಓಡಾಡಿದರು ಎನ್ನುವುದು ದೊಡ್ಡ ಮಾತು. ಒಂದು ಜಗಲಿಯಿಂದ ಇನ್ನೊಂದು ಜಗಲಿ, ಕೂತು, ಸುಧಾರಿಸಿಕೊಂಡು, ಮತ್ತೊಂದು ಜಗಲಿ. ಕೆಮ್ಮುವವರ ಮನೆಗಳು ಅವರಿಗೆ ಸದ್ದಿನಿಂದಲೇ ಗೊತ್ತಿದ್ದವು.

ಪರಿಶೀಲನೆಯ ದಿನ ನಾನು ಮೇಲಿನ ಕೋಣೆಯನ್ನು ಸಿದ್ಧ ಮಾಡಿಕೊಂಡು ಕಾದೆ. ಯಾರೂ ಬರಲಿಲ್ಲ. ಕೊನೆಗೆ ಇಣುಕಿ ನೋಡಿದರೆ ಮೆಟ್ಟಿಲು ಕೆಳಗಿನಿಂದ ಮೇಲಿನವರೆಗೂ ಜನ. ಒಂದೊಂದು ಮೆಟ್ಟಿಲಿಗೆ ಒಬ್ಬರೋ ಇಬ್ಬರೋ ಕೂತಿದ್ದರು. ಒಬ್ಬ ನಿವೃತ್ತ ಬಸ್ ಕಂಡಕ್ಟರ್, ನಮ್ಮ ಹಳೆಯ ರೋಗಿ, ಬುಡದಲ್ಲಿ ನಿಂತು ಹೊಸಬರನ್ನು ಹತ್ತಿಸುತ್ತಿದ್ದರು. "ಮುಂದೆ ಹೋಗಿ, ಮುಂದೆ ಜಾಗ ಐತೆ. ಆ ಅಜ್ಜಿಗೆ ಸೀಟು ಬಿಡ್ರಪ್ಪಾ." ನಟ್ಟನಡುವೆ ಮಗ್ಗದಮ್ಮ, ಕೈ ಮಂಡಿಯ ಮೇಲೆ, ಮಗುವಿನ ಕಣ್ಣಿಗೆ ಊದುವ ಹಾಗೆ ನಿಧಾನಕ್ಕೆ ಉಸಿರು ಬಿಡುತ್ತ ಕೂತಿದ್ದರು.

ಮೇಲಧಿಕಾರಿ ಐವತ್ತು ದಾಟಿದ ಮಹಿಳೆ. ಬಂದವರು ಮೆಟ್ಟಿಲ ಬುಡದಲ್ಲೇ ನಿಂತರು. ಆಡಳಿತ ವೈದ್ಯಾಧಿಕಾರಿಗಳ ಮುಖ ಕೆಂಪಾಯಿತು.

"ಏನ್ರಮ್ಮ ಇದು? ಧರಣೀನಾ?" ಎಂದು ವೈದ್ಯಾಧಿಕಾರಿಗಳು ಗದರಿದರು.

"ಧರಣಿ ಅಲ್ಲ ಸ್ವಾಮಿ" ಎಂದರು ಮಗ್ಗದಮ್ಮ. "ಡಾಕ್ಟ್ರತ್ರ ಹೋಗ್ತಾ ಇದೀವಿ. ನಡುವೆ ದಮ್ಮು ತಗೋತಿದೀವಿ. ಇನ್ನೊಂದು ಅರ್ಧ ಗಂಟೆ. ನೀವೂ ಕುಂತ್ಕಳಿ."

ಯಾರೋ ಕಿಸಕ್ಕೆಂದು ನಕ್ಕು, ಆ ನಗೆ ಕೆಮ್ಮಾಗಿ, ಕೆಮ್ಮು ಒಬ್ಬರಿಂದ ಒಬ್ಬರಿಗೆ ಹಬ್ಬಿ ಇಡೀ ಮೆಟ್ಟಿಲಸಾಲೇ ಕೆಮ್ಮಿತು. ಅದು ನಿಲ್ಲುವವರೆಗೆ ಮೇಲಧಿಕಾರಿ ಕಾದರು. ಆಮೇಲೆ ವೈದ್ಯಾಧಿಕಾರಿಗಳ ಕಡೆ ತಿರುಗಿ, ಕೆಳಗೆ ಏಕೆ ಕೊಟ್ಟಿಲ್ಲ ಎಂದು ಕೇಳಿದರು.

"ಕೆಳಗೆ ಜಾಗ ಇಲ್ಲ ಮೇಡಂ."

"ಐತೆ" ಎಂದರು ಮಗ್ಗದಮ್ಮ. "ಮುರಿದ ಮಂಚಕ್ಕೆ ಐತೆ." ನಿಲ್ಲಿಸಿ ಉಸಿರು ತೆಗೆದುಕೊಂಡರು. "ಮಂಚಕ್ಕೆ ದಮ್ಮಿಲ್ಲ. ಅದನ್ನ ಮೇಲಕ್ಕೆ ಕಳ್ಸಿ."

ಮೇಲಧಿಕಾರಿ ನಗಲಿಲ್ಲ. ಮುಂದಿನ ಪರಿಶೀಲನೆಗೆ ಬರುವಾಗ ಚಿಕಿತ್ಸಾಲಯ ಕೆಳಗಿರಬೇಕು, ಇಲ್ಲದಿದ್ದರೆ ಇಲ್ಲಿ ನಡೆಸಿ ಪ್ರಯೋಜನವಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು.

ವಾರಗಳು ಕಳೆದವು. ಬಾಯಿಮಾತಿನ ಆದೇಶ ಕಾಗದಕ್ಕೆ ಬರಬೇಕಿತ್ತು. ಬೀಗದ ಕೈ ಉಗ್ರಾಣದವರ ಬಳಿ, ಉಗ್ರಾಣದವರು ಕಾಗದ ಬರಲಿ ಎನ್ನುತ್ತಿದ್ದರು. ಅಷ್ಟರಲ್ಲಿ ಚಳಿ ಹಿಡಿದಿತ್ತು. ಮೇಲೆ ಹತ್ತಲು ಆಗದವರನ್ನು ನಾನು ಕೆಳಗೆ ಕುಡಿಯುವ ನೀರಿನ ನಲ್ಲಿಯ ಪಕ್ಕ ಕೂರಿಸಿ ನೋಡುತ್ತಿದ್ದೆ. ಯಂತ್ರವನ್ನು ಅಲ್ಲಿಗೆ ತರುವಂತಿರಲಿಲ್ಲ.

"ಸರ್ಕಾರ ಕೊಟ್ಟೈತೆ, ಕಣವ್ವಾ" ಎಂದರು ಮಗ್ಗದಮ್ಮ, ಆ ನಲ್ಲಿಯ ಪಕ್ಕ ಕೂತು. "ಇಸ್ಕೊಳ್ಳೋದೊಂದು ಬಾಕಿ. ಮುಂದಿನ್ ವಾರ ನನ್ ಮಗನ್ನ ಕರ್ಕೊಂಡ್ ಬರ್ತೀನಿ. ಮಂಚ ಎತ್ತೋಕೆ ಆಳು ಬೇಕಲ್ಲ." ಅವರ ತುಟಿ ನೀಲಿಗಟ್ಟಿದ್ದು ನನಗೆ ಸರಿಕಾಣಲಿಲ್ಲ. ವೈದ್ಯರಿಗೆ ತೋರಿಸಿದೆ. ಅದೇ ಮಧ್ಯಾಹ್ನ ಆಂಬ್ಯುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು.

ಮುಂದಿನ ವಾರ, ಚಿಕಿತ್ಸಾಲಯ ನಡೆಯುವ ದಿನಕ್ಕೆ ಒಂದು ದಿನ ಮೊದಲು ಅವರು ತೀರಿಕೊಂಡರು.

ಸಂಜೆ ಅವರ ಬೀದಿಗೆ ಹೋದೆ. ಅಲ್ಲಿಗೆ ಹಿಂದೆ ಹೋದಾಗಲೆಲ್ಲ ಮಗ್ಗದ ಸದ್ದು ಬೀದಿಯ ತಿರುವಿನಿಂದಲೇ ಕಿವಿ ತುಂಬುತ್ತಿತ್ತು. ಆ ಸಂಜೆ ಎಲ್ಲ ಮನೆಯವರೂ ಮಗ್ಗ ನಿಲ್ಲಿಸಿದ್ದರು. ಸದ್ದಿಲ್ಲದಿದ್ದರೂ ಜನ ಅಭ್ಯಾಸಬಲದಿಂದ ದೊಡ್ಡ ದನಿಯಲ್ಲೇ ಮಾತಾಡುತ್ತಿದ್ದರು, ಆಮೇಲೆ ನೆನಪಾಗಿ ತಗ್ಗಿಸುತ್ತಿದ್ದರು. ಅವರ ಮಗ ನನ್ನನ್ನು ಗುರುತಿಸಿ ಹತ್ತಿರ ಬಂದ. "ನಾಳೆ ಮಂಚ ಎತ್ತೋಕೆ ಬರ್ಬೇಕು ಅಂತ ಅಮ್ಮ ಹೇಳಿದ್ರು ಅಕ್ಕ. ನಾಳೆ ಆಗಲ್ಲ" ಎಂದ. ಪರವಾಗಿಲ್ಲ ಎಂದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಆಸ್ಪತ್ರೆಗೆ ಹೋಗಿ ಉಗ್ರಾಣದವರ ಮೇಜಿನ ಎದುರು ನಿಂತೆ.

"ಕಾಗದ ಬಂದಿಲ್ಲ ಮೇಡಂ."

"ಬಂದಾಗ ಬರಲಿ. ಬೀಗದ ಕೈ ಕೊಡಿ. ಯಾರಾದರೂ ಕೇಳಿದರೆ ನಾನು ತೆಗೆದುಕೊಂಡೆ ಅನ್ನಿ."

ಅವರು ನನ್ನ ಮುಖ ನೋಡಿದರು, ಕೊಟ್ಟರು. ಮೊದಲ ಮಂಚದ ಒಂದು ತುದಿಯನ್ನು ನಾನು ಹಿಡಿದೆ, ಇನ್ನೊಂದನ್ನು ಕಾವಲುಗಾರ ಹಿಡಿದ. ಕಂಡಕ್ಟರ್ ಬಂದವರು ತಾವು ಎತ್ತುವಂತಿಲ್ಲದ್ದರಿಂದ ಮೆಟ್ಟಿಲ ಪಕ್ಕ ನಿಂತು "ಹೋಲ್ಡಾನ್... ಸ್ವಲ್ಪ ಎಡಕ್ಕೆ... ರೈಟ್" ಎಂದು ದಾರಿ ಹೇಳಿದರು. ರೋಗಿಗಳ ಜೊತೆ ಬಂದಿದ್ದ ಹುಡುಗರು ಕೈ ಹಾಕಿದರು. ವೈದ್ಯಾಧಿಕಾರಿಗಳು ಬಂದಾಗ ನಾವು ಬ್ಯಾನರಿನ ಕಟ್ಟುಗಳನ್ನು ಸಾಗಿಸುತ್ತಿದ್ದೆವು. ಅವರು ನಿಂತು ನೋಡಿ, ನಮಗೆ ದಾರಿ ಬಿಟ್ಟು ತಮ್ಮ ಕೋಣೆಗೆ ಹೋದರು.

ನೆಲ ಒರೆಸಿ, ಯಂತ್ರ ಇಳಿಸಿ, ಕುರ್ಚಿ ಹಾಕುವಾಗ ನಾನೆಂದೂ ನೋಡಿರದ ಹೆಂಗಸೊಬ್ಬರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಎದೆಯ ಮೇಲೆ.

"ಮೇಲಕ್ಕೆ ಹೋಗ್ಬೇಕಾ ತಾಯಿ?" ಎಂದು ಆಕೆ ಕೇಳಿದರು.

"ಬೇಡಮ್ಮ, ಇಲ್ಲೇ. ಒಳಗೆ ಬನ್ನಿ" ಎಂದು ಕುರ್ಚಿಯನ್ನು ಬಾಗಿಲಿಗೆ ಹತ್ತಿರ ಎಳೆದೆ.