ಎಡಸಾಲಿಗೂ ಒಂದು ಸೌಟು

ಮುನಿಶಾಮಣ್ಣ ಇಲಿಗಳಿಗೆ ಆಹಾರ ಹಾಕುತ್ತಿರಲಿಲ್ಲ, ಬಡಿಸುತ್ತಿದ್ದರು. ದೊಡ್ಡಬಳ್ಳಾಪುರದಾಚೆಯ ನಮ್ಮ ಪ್ರಯೋಗಾಲಯದಲ್ಲಿ ಪಂಜರಗಳನ್ನು ನೋಡಿಕೊಳ್ಳುವ ಕೆಲಸ ಅವರದು. ರಜೆ ಸಿಕ್ಕರೆ ಆವತಿ ಕಡೆಯ ಮದುವೆಮನೆಗಳಲ್ಲಿ ಬಡಿಸಲು ಹೋಗುತ್ತಿದ್ದರು. ಎರಡೂ ಕಡೆ ಒಂದೇ ನಡಿಗೆ: ಸೊಂಟ ಬಗ್ಗಿಸಿ, ಸಾಲು ತಪ್ಪಿಸದೆ, "ಸಾಕೇನಮ್ಮಾ? ನಾಚ್ಕೋಬೇಡ" ಎನ್ನುತ್ತ. ಇಲಿ ನಾಚಿದ್ದನ್ನು ನಾನಂತೂ ಕಂಡಿಲ್ಲ.

ಆಗ ನಾನು ಹೊಸ ಸಂಶೋಧಕಿ. ಒಂದೆಲಗದ ಸಾರ ಚರ್ಮದ ಕ್ಯಾನ್ಸರನ್ನು ತಡೆಯುತ್ತದೆಯೇ ಎಂಬ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ತಡೆಯುವುದಿಲ್ಲವೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ಇಲಿಗಳ ಬೆನ್ನು ಬೋಳಿಸಿ, ಗಂಟು ಬರಿಸುವ ರಾಸಾಯನಿಕವನ್ನು ಎಲ್ಲಕ್ಕೂ ಹಚ್ಚುತ್ತಿದ್ದೆವು. ಬಲಸಾಲಿನವಕ್ಕೆ ಸೊಪ್ಪಿನ ಸಾರವೂ ಉಂಟು, ಎಡಸಾಲಿನವಕ್ಕೆ ಇಲ್ಲ.

"ಅವಕ್ಕೆ ಸೊಪ್ಪಿನ ಸಾರು, ಇವಕ್ಕೆ ಬರೀ ವಿಷಾನಾ? ಪಂಕ್ತಿಭೇದ ಕಣಮ್ಮಾ ಇದು. ಪಾಪ ಸುತ್ಕೊಳ್ತದೆ."

"ಸಾರು ಅಲ್ಲ ಮುನಿಶಾಮಣ್ಣ, ಸಾರ. ಹೋಲಿಸಿ ನೋಡೋಕೆ ಒಂದು ಸಾಲು ಬೇಡ್ವಾ?" ಎಂದು ಶುರುಮಾಡಿ ಅರ್ಧ ಗಂಟೆ ವಾದಿಸಿದೆ. ಅವರು ತಲೆಯಾಡಿಸಿದರು. ಗೆದ್ದೆನೆಂದುಕೊಂಡೆ.

ತಿಂಗಳುಗಳು ಕಳೆದವು. ಎರಡು ಸಾಲಿನಲ್ಲೂ ಗಂಟುಗಳು ಹೆಚ್ಚುಕಡಿಮೆ ಅಷ್ಟಷ್ಟೇ. ಸೊಪ್ಪಿನಲ್ಲಿ ಏನೂ ಇಲ್ಲವೆಂದು ಬರೆದು, ವರದಿ ಹಿಡಿದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೋಣೆಗೆ ಹೊರಟೆ. ಮುನಿಶಾಮಣ್ಣ ಅಡ್ಡ ನಿಂತರು.

"ಸೊಪ್ಪಿನ್ ಮೇಲೆ ಸುಳ್ಳು ಹೇಳ್ಬೇಡಮ್ಮಾ. ದಿನಾ ಮಿಕ್ಕಿದ್ದನ್ನ ಎಡಗಡೆಯವಕ್ಕೂ ಸವರ್ಬಿಟ್ಟಿದೀನಿ."

"ಅವತ್ತು ಒಪ್ಕೊಂಡ್ರಲ್ಲ!"

"ಒಪ್ಕೊಂಡಿದ್ದೆಲ್ಲಿ? ನೀನು ಮಾತು ನಿಲ್ಲಿಸ್ಲಿ ಅಂತ ತಲೆ ಆಡಿಸ್ದೆ."

ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಮುಂದೆಯೂ ಅದನ್ನೇ ಹೇಳಿದರು, ಕೆಲಸ ಹೋಯಿತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳನ್ನೆಲ್ಲ ಬಾಚಿಕೊಂಡಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಪರವಾಗಿ ಒಂದು ಮಾತೂ ಆಡಲಿಲ್ಲ.

ಹೊಸ ಇಲಿಗಳೊಡನೆ ಮೊದಲಿನಿಂದ ಮಾಡಿದೆವು. ಈ ಸಲ ಎಡಸಾಲಿನಲ್ಲೇ ಗಂಟು ಹೆಚ್ಚು. ಸೊಪ್ಪಿನಲ್ಲಿ ಏನೋ ಇತ್ತು. ಹೇಳೋಣವೆಂದರೆ ಮುನಿಶಾಮಣ್ಣ ಅಲ್ಲಿರಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಗೆಳತಿಯ ಮದುವೆಯೂಟದಲ್ಲಿ. ತಿಳಿಸಾರಿನ ಬಕೆಟ್ ಹಿಡಿದು ಬಂದರು. ನಾನು ಅನ್ನಕ್ಕೆ ಗುಳಿ ಮಾಡಿಕೊಂಡು ಕೂತಿದ್ದೆ. ಸೌಟು ನನ್ನ ಎಲೆಯನ್ನು ದಾಟಿ ಪಕ್ಕದ ಎಲೆಗೆ ಇಳಿಯಿತು.

"ಮುನಿಶಾಮಣ್ಣ, ನಂಗೆ?"

"ನೀನು ಎಡಸಾಲು ಕಣಮ್ಮಾ. ಹೋಲಿಸಿ ನೋಡೋಕೆ ಒಬ್ರು ಬೇಡ್ವಾ?"

ಪಂಕ್ತಿಯ ತುದಿ ಮುಟ್ಟಿ ಅವರು ಹಿಂದಿರುಗಿದರು. ಗುಳಿ ಒಡೆದು ಹರಿಯುವಷ್ಟು ಸಾರು ಹೊಯ್ದರು.

"ಅವತ್ತು ಮೇಡಂ ಮುಂದೆ ನಾನು..." ಎಂದೆ.

"ಸಾಕೇನಮ್ಮಾ?" ಎಂದರು. "ನಾಚ್ಕೋಬೇಡ."