ಹದಿನಾಲ್ಕನೇ ಸಾಲಿನ ಚುಕ್ಕಿ

ಅಕ್ಕನಿಗೆ ಹೆದರಿಕೆ ಹೊಸತಲ್ಲ. ತಾಯಿ ತೀರಿಕೊಂಡಾಗ ಅವಳಿಗಿನ್ನೂ ಹದಿಮೂರು, ತಂಗಿ ಪುಟ್ಟಿಗೆ ಐದು. ಅಂದಿನಿಂದ ತಂಗಿಯ ಮೈ ಬಿಸಿಯಾದರೆ ಅಕ್ಕನ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಶಾಲೆಯಿಂದ ಬರುವುದು ತಡವಾದರೆ ಬೀದಿಯ ಕೊನೆಗೆ ಓಡಿಹೋಗಿ ನಿಲ್ಲುತ್ತಿದ್ದಳು. ಈಗ ಪುಟ್ಟಿ ಎರಡು ಮಕ್ಕಳ ತಾಯಿ. ಆದರೂ ಮನೆ ಬಿಡುವಾಗ ಅಕ್ಕನದು ಅದೇ ಮಾತು: "ಹುಷಾರು ಕಣೇ."

"ಅಕ್ಕಾ, ಇಬ್ರೂ ಒಂದೇ ಬಸ್ಸಲ್ಲಿ ಹೋಗ್ತಿದೀವಿ," ಎಂದು ಪುಟ್ಟಿ ನಗುತ್ತಿದ್ದಳು.

ಇಬ್ಬರೂ ಒಂದೇ ಗೋದಾಮಿನಲ್ಲಿ ಕೆಲಸಕ್ಕಿದ್ದರು. ಸೂರು ಮುಟ್ಟುವ ಉಕ್ಕಿನ ಕಪಾಟುಗಳು ಸಾಲು ಸಾಲು, ನಡುವೆ ಇಕ್ಕಟ್ಟಾದ ದಾರಿ. ಗಿರಾಕಿಗಳು ಕೇಳಿದ ಸಾಮಾನನ್ನು ಕಪಾಟಿನಿಂದ ತೆಗೆದು ಬುಟ್ಟಿಗೆ ಹಾಕುವುದು ಪುಟ್ಟಿಯ ಕೆಲಸ. ಅಕ್ಕನೂ ವರ್ಷಗಟ್ಟಲೆ ಅದನ್ನೇ ಮಾಡಿ, ಮಂಡಿ ಕೈಕೊಟ್ಟ ಮೇಲೆ ಮಾಳಿಗೆಯ ಗಾಜಿನ ಕೋಣೆ ಸೇರಿದ್ದಳು. ಅಲ್ಲಿ ಅವಳ ಮುಂದೊಂದು ದೊಡ್ಡ ಕಂಪ್ಯೂಟರ್ ತೆರೆ. ಕೆಳಗಿನ ಪ್ರತಿಯೊಬ್ಬರೂ ಎದೆಗೆ ಸಿಕ್ಕಿಸಿಕೊಂಡ ಮೊಬೈಲು ಆ ತೆರೆಯ ಮೇಲೊಂದು ಹಸಿರು ಚುಕ್ಕಿ. ಡ್ರೈವರಿಲ್ಲದೆ ತಾವೇ ಓಡಾಡುವ ಸರಕಿನ ಗಾಡಿಗಳು ಹಳದಿ ಚೌಕಗಳು. ಹಸಿರಿನ ಹತ್ತಿರ ಹಳದಿ ಬಂದರೆ ಗಾಡಿ ತಾನೇ ನಿಲ್ಲಬೇಕು.

ಮೊದಮೊದಲು ಚುಕ್ಕಿಗಳು ಕುಡಿದವರ ಹಾಗೆ ತೂರಾಡುತ್ತಿದ್ದವು. ಯಾರು ಎಲ್ಲಿದ್ದಾರೆಂದು ನೆಟ್ಟಗೆ ಗೊತ್ತಾಗದೆ ಗಾಡಿಗಳು ದೂರದಲ್ಲೇ ನಿಂತುಬಿಡುತ್ತಿದ್ದವು. ಕೆಲಸ ಕುಂಟುತ್ತಿತ್ತು. ಅಕ್ಕನಿಗೆ ಮಾತ್ರ ಅದೇ ನೆಮ್ಮದಿ.

ಆಮೇಲೆ ಸೂರಿನಡಿ ಹೊಸ ಹಲಗೆಗಳು ಬಂದವು. ಊಟದ ತಟ್ಟೆಯಷ್ಟಗಲ, ಒಂದೊಂದರೊಳಗೂ ಉಗುರಿಗಿಂತ ಚಿಕ್ಕ ಆಂಟೆನಾಗಳು ಒತ್ತೊತ್ತಾಗಿ ಕೂತಿದ್ದವು. ಅವನ್ನು ಹಾಕಿಸಲು ಬಂದ ಎಂಜಿನಿಯರ್ ಹುಡುಗಿ ಬಿಡಿಸಿ ಹೇಳಿದಳು: "ಇದು ಮಿಲಿಮೀಟರ್ ಅಲೆ, ಅಕ್ಕ. ಟಾರ್ಚ್ ಬೆಳಕಿನ ಥರ ನೇರ ಹೋಗತ್ತೆ. ಮೊಬೈಲಿಂದ ಅಲೆ ಯಾವ ಕಡೆಯಿಂದ ಬಂತು, ಎಷ್ಟು ದೂರದಿಂದ ಬಂತು ಅಂತ ಈ ಹಲಗೆ ಕಂಡುಹಿಡಿಯತ್ತೆ. ಇನ್ಮೇಲೆ ತಪ್ಪಿದ್ರೂ ಒಂದು ಗೇಣು, ಅಷ್ಟೇ."

ಅವಳು ಹೇಳಿದಂತೆಯೇ ಆಯಿತು. ಪುಟ್ಟಿ ಒಂದು ಹೆಜ್ಜೆ ಹಿಂದಿಟ್ಟರೂ ತೆರೆಯ ಮೇಲೆ ಕಾಣತೊಡಗಿತು. ಮೇಲಿನವರಿಗೆ ಖುಷಿಯೋ ಖುಷಿ. ಆ ಖುಷಿಯಲ್ಲಿ ಗಾಡಿ ನಿಲ್ಲಬೇಕಾದ ದೂರವನ್ನು ಕಡಿಮೆ ಮಾಡಿದರು. ಈಗ ಗಾಡಿಗಳು ಜನರ ಪಕ್ಕದಲ್ಲೇ, ತೋಳು ಚಾಚಿದರೆ ತಗಲುವಷ್ಟು ಹತ್ತಿರ ಸುಯ್ಯೆಂದು ಹಾದುಹೋಗುತ್ತಿದ್ದವು.

ಹಳದಿ ಹಸಿರಿಗೆ ಹತ್ತಿರವಾದಾಗಲೆಲ್ಲ ಅಕ್ಕ ಉಸಿರು ಬಿಗಿಹಿಡಿಯುವಳು. ದಾಟಿದ ಮೇಲೆ ಬಿಡುವಳು. ಕೊನೆಗೆ ತಡೆಯಲಾರದೆ ಸೂಪರ್‌ವೈಸರನ ಬಳಿ ಹೋದಳು.

"ಸಾರ್, ಸ್ವಲ್ಪ ದಿನ ಹಳೇ ದೂರಾನೇ ಇರ್ಲಿ."

"ಅಕ್ಕ, ನಿಮಗೆ ಲಿಫ್ಟ್ ಕಂಡ್ರೂ ಭಯ. ನಿಮ್ಮ ಮಾತು ಕೇಳಿದ್ರೆ ಗಾಡಿಗೆ ಹಗ್ಗ ಕಟ್ಟಿ ಎಳೀಬೇಕಾಗತ್ತೆ!"

ಇದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಸಂಜೆ ಬಸ್ಸಿನಲ್ಲಿ ಪುಟ್ಟಿ, "ಅದರ ಪಾಡಿಗೆ ಅದು ಹೋಗತ್ತೆ, ನಾನು ತಿರುಗೀನೂ ನೋಡಲ್ಲ," ಎಂದಾಗ ಮಾತ್ರ ಅವಳ ತೋಳು ಹಿಡಿದು, "ತಿರುಗಿ ನೋಡೇ," ಎಂದಳು.

ಅದು ನಡೆದದ್ದು ಒಂದು ಮಧ್ಯಾಹ್ನ, ಊಟ ಮುಗಿದ ಹೊತ್ತಿನಲ್ಲಿ. ಹದಿನಾಲ್ಕನೇ ಸಾಲಿನಲ್ಲಿದ್ದ ಪುಟ್ಟಿಯ ಚುಕ್ಕಿ ತಟ್ಟನೆ ಮಾಯವಾಗಿ ಹದಿನಾರನೇ ಸಾಲಿನಲ್ಲಿ ಕಾಣಿಸಿಕೊಂಡಿತು. ನಡುವೆ ಎರಡು ಕಪಾಟಿನ ಗೋಡೆ. ಸುತ್ತು ಹಾಕದೆ ಆ ಕಡೆ ಹೋಗಲು ಯಾರಿಂದಲೂ ಸಾಧ್ಯವಿರಲಿಲ್ಲ. ಅಕ್ಕನ ಕೈ ತಾನಾಗಿಯೇ ಫೋನಿಗೆ ಹೋಯಿತು.

"ಎಲ್ಲಿದೀಯೇ?"

"ಹದಿನಾಲ್ಕರಲ್ಲೇ. ಕೆಳಗಿನ ಖಾನೇಲಿ ಡಬ್ಬ ಸಿಕ್ಕಾಕೊಂಡಿದೆ, ತಲೆ ಒಳಗಿಟ್ಟಿದೀನಿ. ಯಾಕೆ?"

ತೆರೆಯ ಮೇಲೆ ಹದಿನಾಲ್ಕನೇ ಸಾಲು ಖಾಲಿ. ಹಳದಿ ಚೌಕವೊಂದು ಅದೇ ಸಾಲಿಗೆ ತಿರುಗಿತು. ಖಾಲಿ ದಾರಿಯೆಂದು ವೇಗ ಹೆಚ್ಚಿಸಿತು. ಗಾಡಿಯ ಮೂತಿಯಲ್ಲೂ ಒಂದು ಕ್ಯಾಮೆರಾ ಕಣ್ಣಿತ್ತು, ನಿಜ. ಆದರೆ ಮೈಯೆಲ್ಲ ಖಾನೆಯೊಳಗಿಟ್ಟು ಕಾಲಷ್ಟೇ ಹೊರಗಿದ್ದವಳು ಅದಕ್ಕೆ ಕಂಡಾಳೇ? 'ಈಚೆ ಬಾ' ಎಂದರೆ ನೇರ ಗಾಡಿಯ ಮುಂದಕ್ಕೇ ಬರುವಳು. ಪಕ್ಕದಲ್ಲೇ ಕೆಂಪು ಗುಂಡಿ. ಕೇಳದೆ ಒತ್ತಬಾರದು, ಒತ್ತಿದರೆ ಇಡೀ ಗೋದಾಮು ನಿಲ್ಲುತ್ತದೆ ಎಂದು ನೂರು ಸಲ ಹೇಳಿದ್ದರು. ಅಕ್ಕನ ಕೈ ಗುಂಡಿಯ ಮೇಲೇ ತಡೆದು ನಿಂತಿತು. ಅದೆಷ್ಟು ಹೊತ್ತು ಹಾಗಿದ್ದಳೋ ಅವಳಿಗೇ ತಿಳಿಯದು. ಆಮೇಲೆ ಮುಷ್ಟಿಯಿಂದ ಗುದ್ದಿದಳು.

ಗೋದಾಮು ಗಪ್ಪೆಂದಿತು.

ಮಂಡಿಯನ್ನೂ ಮರೆತು ಮೆಟ್ಟಿಲಿಳಿದು ಓಡಿದಳು. ಗಾಡಿ ಪುಟ್ಟಿಯ ಹಿಮ್ಮಡಿಯಿಂದ ಅಂಗೈಯಗಲ ದೂರದಲ್ಲಿ ನಿಂತಿತ್ತು. ಅವಳ ತಲೆ ಇನ್ನೂ ಖಾನೆಯೊಳಗೇ.

"ಏನಕ್ಕಾ ಇದು, ಎಲ್ಲಾ ನಿಂತೋಯ್ತಲ್ಲ?" ಎನ್ನುತ್ತ ಹೊರಬಂದು ತಿರುಗಿದವಳು ಗಾಡಿಯನ್ನು ಕಂಡಳು. ಕಂಡವಳೇ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಬಯ್ಯುತ್ತ ಬಂದ ಸೂಪರ್‌ವೈಸರ್ ಗಾಡಿ ನಿಂತ ಜಾಗ ನೋಡಿ, ಎಂಜಿನಿಯರ್ ಹುಡುಗಿಗೆ ಫೋನು ಹಚ್ಚಿದ. ಅಕ್ಕ ಬಗ್ಗಿ ತಂಗಿಯ ಹಿಮ್ಮಡಿ ಸವರಿ ನೋಡಿದಳು.

ಸಂಜೆಯೊಳಗೆ ಎಂಜಿನಿಯರ್ ಹುಡುಗಿ ಬಂದಳು. ಮೊಬೈಲನ್ನು ತನ್ನ ಎದೆಗೆ ಸಿಕ್ಕಿಸಿಕೊಂಡು ಅದೇ ಖಾನೆಗೆ ಬಗ್ಗಿದಳು. ತೆರೆಯ ಮೇಲೆ ಅವಳ ಚುಕ್ಕಿಯೂ ಹದಿನಾರಕ್ಕೆ ಹಾರಿತು.

"ಮೈ ಅಡ್ಡ ಬಂದ್ರೆ ಈ ಅಲೆ ದಾಟಲ್ಲ," ಎಂದಳು, ಮುಖ ಬಿಳಿಚಿಕೊಂಡು. "ನೇರ ಬರೋದು ನಿಂತು, ಕಪಾಟಿನ ತಗಡಿಗೆ ಬಡಿದು ಬಂದದ್ದು ಮಾತ್ರ ಹಲಗೆಗೆ ಸಿಕ್ಕಿದೆ. ತಗಡು ಕನ್ನಡಿ ಥರ, ಅದರೊಳಗಿನ ಬಿಂಬಾನೇ ನಿಜ ಅಂದ್ಕೊಂಡಿದೆ. ನಾನು ನಿಂತು, ನಡೆದು ನೋಡಿದ್ದೆ. ಬಗ್ಗಿ ನೋಡಿರ್ಲಿಲ್ಲ."

ಪ್ರತಿ ಸಾಲಿನ ಎರಡೂ ತುದಿಗೆ ಹಲಗೆಗಳು ಬಂದವು. ಒಬ್ಬರನ್ನು ಎರಡು ದಿಕ್ಕಿನಿಂದ ನೋಡಬೇಕು, ಎರಡೂ ತಾಳೆಯಾಗದಿದ್ದರೆ ಸುತ್ತಲಿನ ಗಾಡಿಗಳೆಲ್ಲ ನಿಲ್ಲಬೇಕು ಎಂದಾಯಿತು. ನಿಲ್ಲುವ ದೂರವನ್ನೂ ಹಳೆಯದಕ್ಕೇ ತಂದರು. ಚುಕ್ಕಿ ಮತ್ತೆ ಹಾರಲಿಲ್ಲ. ಆದರೆ ಅಕ್ಕನಿಗೆ ಆ ತೆರೆಯ ಮುಂದೆ ಕೂರಲಾಗಲಿಲ್ಲ. ನಿಂತ ಚುಕ್ಕಿ ಕಂಡರೂ ದಿಗಿಲು, ಸರಿದ ಚುಕ್ಕಿ ಕಂಡರೂ ದಿಗಿಲು. ತನ್ನನ್ನು ಕೆಳಗೆ ಹಾಕಿ ಎಂದು ಕೇಳಿಕೊಂಡಳು.

"ಮಂಡಿ?" ಎಂದ ಸೂಪರ್‌ವೈಸರ್. ಈ ಸಲ ಅವನು ನಗಲಿಲ್ಲ.

"ನೋವು ತಡ್ಕೋಬಹುದು ಸಾರ್."

ಹದಿಮೂರನೇ ಸಾಲಿನ ಬಾಯಲ್ಲಿ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ಪುಟ್ಟಿ ಒಂದು ವಾರ ಮನೆಯಲ್ಲಿದ್ದು ಮರಳಿದಳು. ಈಗ ಗಾಡಿಯ ಗುಂಯ್ ಸದ್ದು ದೂರದಲ್ಲಿ ಕೇಳಿದರೂ ಸಾಕು, ಕೈಯಲ್ಲಿದ್ದುದನ್ನು ಕೆಳಗಿಟ್ಟು, ಕಪಾಟಿಗೆ ಬೆನ್ನೊತ್ತಿ ನಿಲ್ಲುತ್ತಾಳೆ, ಅದು ಮರೆಯಾಗುವವರೆಗೆ. ಅಕ್ಕ ಚೀಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವಳನ್ನು ನೋಡುತ್ತಾಳೆ. ತನ್ನ ಹೆದರಿಕೆ ತಂಗಿಗೂ ಅಂಟಿತಲ್ಲ ಎಂದು ಸಂಕಟವಾಗುತ್ತದೆ; ಒಳಗೊಳಗೇ, ಯಾರಿಗೂ ಹೇಳಲಾರದಂಥ ಸಮಾಧಾನವೂ ಆಗುತ್ತದೆ.